ಮರಳು ತಡೆದ ಗಂಗಮ್ಮ

ಚೂಡಾಮಣಿ ಸಮುದ್ರ ನೋಡಿರಲಿಲ್ಲ. ಜಯನಗರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವ ಮೇಡಂ ಸಮುದ್ರವನ್ನೇ ನೋಡಿಲ್ಲವೆಂದರೆ ಯಾರಿಗಾದರೂ ನಗು ಬರುತ್ತದೆ. ಕಡಲ ತೀರದ ಪಾಠ ಶುರುವಾದ ದಿನ ಒಂಬತ್ತನೇ ಕ್ಲಾಸಿಗೆ ಕ್ಲಾಸೇ ಕಿಸಕ್ಕೆಂದಿತು. ಬೇರೆಯವರಾಗಿದ್ದರೆ ಮುಖ ಊದಿಸಿಕೊಂಡು ಪುಸ್ತಕ ಓದಿಸಿ ಮುಗಿಸುತ್ತಿದ್ದರು. ಚೂಡಾಮಣಿ ಅಂಥವಳಲ್ಲ. ಕಿಟಕಿ ಬಾಗಿಲುಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ೧೯೬೧ರ ಆಷಾಢದ ಗಾಳಿ.

"ನಗ್ರೇ, ನಗಿ. ಸಮುದ್ರ ಇಲ್ಲದಿದ್ರೆ ಏನಂತೆ, ಹೊಸಕೆರೆಹಳ್ಳಿ ಕೆರೆ ಇಲ್ವಾ? ಈ ಗಾಳೀಗೆ ಅಲ್ಲೂ ಅಲೆ ಏಳತ್ತೆ. ಶನಿವಾರ ಬುತ್ತಿ ಕಟ್ಕೊಂಡು ಬನ್ನಿ, ಹೋಗೋಣ."

ಹೋದರು. ಬನಶಂಕರಿ ಗುಡಿಯ ದಾರಿ ಹಿಡಿದು, ಹೊಲದ ಬದುಗಳ ಮೇಲೆ ಸಾಲಾಗಿ ನಡೆದು, ಕೆರೆ ಮುಟ್ಟುವಷ್ಟರಲ್ಲಿ ಅರ್ಧ ಬುತ್ತಿ ಖಾಲಿ. ಕೆರೆ ಮಾತ್ರ ಮೋಸ ಮಾಡಲಿಲ್ಲ. ಪಡುವಣ ಮೂಲೆಯಲ್ಲಿ ಹಳ್ಳ ತಂದು ಸುರಿದ ಮರಳಿತ್ತು, ಅದರ ಮೇಲೆ ಪುಟ್ಟ ಪುಟ್ಟ ಅಲೆಗಳು ಓರೆಯಾಗಿ ಬಂದು ಬೀಳುತ್ತಿದ್ದವು. ಚೂಡಾಮಣಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು.

"ನೋಡಿ ಇಲ್ಲಿ! ಅಲೆ ಓರೆಯಾಗಿ ಹತ್ತತ್ತೆ, ನೆಟ್ಟಗೆ ಇಳಿಯತ್ತೆ. ಜೊತೇಲಿ ಮರಳನ್ನೂ ಹಾಗೇ ಹತ್ತಿಸಿ ಇಳಿಸತ್ತೆ. ಒಂದೊಂದು ಅಲೆಗೂ ಒಂದೊಂದು ಹೆಜ್ಜೆ ಮೂಡಣಕ್ಕೆ. ಇಡೀ ದಡವೇ ನಡೀತಾ ಇದೆ ಕಣ್ರೇ!"

ದಡ ನಡೆಯುವುದನ್ನು ಹುಡುಗಿಯರು ಮಂಡಿಯೂರಿ ನೋಡಿದರು. ಯಾರೂ ನಗಲಿಲ್ಲ. ಆಗ ವಾರಿಜಾ ಎಂಬ ಚುರುಕಿನ ಹುಡುಗಿ ಕೇಳಿದಳು: "ಮೇಡಂ, ಅಡ್ಡ ಗೋಡೆ ಹಾಕಿದ್ರೆ ನಿಲ್ಲತ್ತಾ?"

ಸಮುದ್ರದ ಊರುಗಳಲ್ಲಿ ಮಾಡುವುದೂ ಅದನ್ನೇ ಎಂದು ಚೂಡಾಮಣಿ ಹೇಳಿದ್ದೇ ತಡ, ಇಡೀ ಕ್ಲಾಸು ಕಲ್ಲು ಹೊರಲು ಓಡಿತು. ಸಂಜೆಯ ಹೊತ್ತಿಗೆ ದಡದಿಂದ ನೀರಿನೊಳಕ್ಕೆ ಒಂದಾಳುದ್ದದ ಕಲ್ಲುಗೋಡೆ ಎದ್ದಿತ್ತು. ಮುಂದಿನ ಶನಿವಾರ ಬಂದು ನೋಡಿದರೆ ಗೋಡೆಯ ಪಡುವಣ ಮಗ್ಗುಲಲ್ಲಿ ಬಿಳಿ ಮರಳು ಜಗಲಿಯಂತೆ ತುಂಬಿಕೊಂಡಿದೆ! ಚೂಡಾಮಣಿ ಮೇಡಂಗಿರಿಯನ್ನು ಗಂಟುಕಟ್ಟಿಟ್ಟು ಹುಡುಗಿಯರ ಕೈ ಹಿಡಿದು ಕುಣಿದುಬಿಟ್ಟಳು. ಪುಸ್ತಕದಲ್ಲಿದ್ದದ್ದು ನಿಜವಾಗಿತ್ತು, ಅದೂ ಅವಳ ಕಣ್ಣೆದುರಿಗೆ.

ಊರ ಹೆಂಗಸರಿಗೂ ಹಿಗ್ಗು. ಕೆಸರಿನಲ್ಲಿ ನಿಂತು ಬಟ್ಟೆ ಒಗೆಯುತ್ತಿದ್ದವರಿಗೆ ಹಾಸಿಟ್ಟಂಥ ಮರಳು ಸಿಕ್ಕಿತ್ತು. ಗೋಡೆಯ ಮೂಡಣಕ್ಕೆ ಹೊಂದಿಕೊಂಡ ಮನೆ ಸೊಣ್ಣಮ್ಮನದು. ಅವಳು ಗೋಡೆಯ ತುದಿಗಲ್ಲಿಗೆ ಅರಿಶಿನ ಮೆತ್ತಿ, ಕುಂಕುಮವಿಟ್ಟು, ಕಣಗಲೆ ಹೂವು ಮುಡಿಸಿ ಕೈಮುಗಿದಳು.

"ಗಂಗಮ್ಮ ಬಂದವ್ಳೆ. ಇಲ್ದಿದ್ರೆ ಹುಡುಗೀರು ಕಟ್ಟಿದ ಗ್ವಾಡೆಗೆ ಮಳ್ಳು ಬತ್ತಿತ್ತಾ?"

ಚೂಡಾಮಣಿಗೆ ಇದೂ ಚೆಂದವೆನಿಸಿತು. ಪಾಪ, ಪೂಜೆ ಮಾಡಿಕೊಂಡರೆ ಯಾರ ಗಂಟು ಹೋಗುತ್ತದೆ ಎಂದುಕೊಂಡಳು.

ಗಂಟು ಹೋದದ್ದು ಸೊಣ್ಣಮ್ಮನದೇ. ಮೂರನೆಯ ಶನಿವಾರ ಅವಳ ಹಿತ್ತಲು ಅರ್ಧ ಇರಲಿಲ್ಲ. ಕುಂಬಳದ ಬಳ್ಳಿ ಬುಡಸಮೇತ ನೀರಿಗಿಳಿದಿತ್ತು. ಗೋಡೆ ಈಚೆಗೆ ಹಿಡಿದಿಟ್ಟುಕೊಂಡ ಮರಳು ಆಚೆಯ ದಡಕ್ಕೆ ಹೋಗಬೇಕಾಗಿದ್ದ ಮರಳು. ಅದು ಬಾರದೆ ಹಸಿದ ಅಲೆ ಹಿತ್ತಲನ್ನೇ ತಿನ್ನತೊಡಗಿತ್ತು. ಇದು ಹೊಳೆದೊಡನೆ ಚೂಡಾಮಣಿಗೆ ಮೈ ಜುಮ್ಮೆಂದಿತು. 'ಎಷ್ಟು ಸರಿಯಾಗಿದೆ!' ಎಂದು ಮನಸ್ಸು ಚಪ್ಪಾಳೆ ತಟ್ಟಿತು. ಮರುಗಳಿಗೆಯಲ್ಲಿ ಮನೆಯ ಮಣ್ಣಿನ ಗೋಡೆ ಕಣ್ಣಿಗೆ ಬಿತ್ತು. ನೀರಿಗೂ ಅದಕ್ಕೂ ಒಂದು ಮಾರು ದೂರವಿರಲಿಲ್ಲ. ತನ್ನ ಖುಷಿಗೆ ತಾನೇ ನಾಚಿ, "ಕೀಳ್ರೇ ಕಲ್ಲು!" ಎಂದು ಕೂಗಿದಳು.

ಸೊಣ್ಣಮ್ಮ ಎರಡೂ ಕೈ ಚಾಚಿ ಅಡ್ಡ ನಿಂತಳು. "ಅರಿಶಿನ ಇಟ್ಟ ಕಲ್ಲು ಮುಟ್ಟೀರಾ, ಜೋಕೆ! ಅವ್ಳಿಗೆ ಕ್ವಾಪ ಬಂದೈತೆ. ಅದಕ್ಕೇ ನನ್ ಹಿತ್ಲು ಕೇಳ್ತಾವ್ಳೆ. ಪೂಜೆ ಸಾಲ್ದು."

ಗಂಡ ಬೋರಣ್ಣ ಅಷ್ಟರಲ್ಲಿ ಹರಕೆ ಹೊತ್ತಾಗಿತ್ತು. ದೇವಿಗೆ ಜಾಗ ದೊಡ್ಡದಾಗಲಿ ಎಂದು ಗೋಡೆಯನ್ನು ಇನ್ನಷ್ಟು ಒಳಕ್ಕೆ ಬೆಳೆಸಿಯೂ ಬಿಟ್ಟ. ಗೋಡೆ ಬೆಳೆದಷ್ಟೂ ಮರಳು ಹೆಚ್ಚು ನಿಂತಿತು, ಹಿತ್ತಲು ಹೆಚ್ಚು ಕರಗಿತು. ಹಿತ್ತಲು ಕರಗಿದಷ್ಟೂ ಪೂಜೆ ಜೋರಾಯಿತು. ಇನ್ನೆರಡು ಜೋರು ಗಾಳಿ ಬೀಸಿದರೆ ಮನೆಯೇ ಕೆರೆಗೆ ಬೀಳುತ್ತಿತ್ತು. ಚೂಡಾಮಣಿಗೆ ಅನ್ನ ಸೇರಲಿಲ್ಲ.

ಮುಂದಿನ ವಾರ ಭಾನುವಾರ ಬೆಳಿಗ್ಗೆಯೇ ವಾರಿಜಾಳನ್ನು ಕಟ್ಟಿಕೊಂಡು ಬಂದಳು. ಗಾಳಿ ಎದ್ದಿತ್ತು. ಅವಳು ವಾದಕ್ಕೆ ಇಳಿಯಲಿಲ್ಲ.

"ಸೊಣ್ಣಮ್ಮ, ಒಂದು ಬೊಗಸೆ ರಾಗಿ ಕೊಡಿ. ಗಂಗಮ್ಮನಿಗೇ."

ದೇವಿಗೆಂದರೆ ಇಲ್ಲವೆನ್ನುವುದುಂಟೇ? ಸೊಣ್ಣಮ್ಮ ಮೊರದ ತುಂಬ ತಂದಳು. ಚೂಡಾಮಣಿ ಅದನ್ನು ಗೋಡೆಯಿಂದ ತುಸು ಪಡುವಣಕ್ಕೆ, ಅಲೆ ಮುಟ್ಟುವ ಕಡೆ ಸುರಿದಳು. ಬಿಳಿ ಮರಳಿನ ಮೇಲೆ ಕೆಂಪು ಕಾಳು ಎದ್ದು ಕಾಣುತ್ತಿತ್ತು. ಅಲೆ ಬಂತು. ಕಾಳು ಓರೆಯಾಗಿ ಏರಿ ನೆಟ್ಟಗೆ ಇಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು.

"ಅಯ್, ಹೋಯ್ತಾ ಐತೆ!" ಸೊಣ್ಣಮ್ಮ ಕುಕ್ಕರಗಾಲಿನಲ್ಲೇ ಕಾಳಿನ ಜೊತೆ ಸರಿಯತೊಡಗಿದಳು. "ನಮ್ಮನೆ ಕಡೀಕೇ ಹೋಯ್ತಾ ಐತೆ! ಬಾರಯ್ಯೋ, ನೋಡು ಬಾ!"

ಬೋರಣ್ಣ ಓಡಿಬಂದ. ಬಟ್ಟೆ ಒಗೆಯುತ್ತಿದ್ದವರೆಲ್ಲ ಬಂದರು. ರಾಗಿ ನಡೆದೂ ನಡೆದೂ ಗೋಡೆಗೆ ತಾಗಿ, ಅಲ್ಲೇ ಕೆಂಪಗೆ ಒಟ್ಟಿಕೊಂಡಿತು. ಸೊಣ್ಣಮ್ಮ ಎದ್ದು ಗೋಡೆಯ ಆಚೆಗೆ ಹೋಗಿ, ಬಗ್ಗಿ, ನೀರಿನೊಳಗೆ ಕೈಯಾಡಿಸಿ ಹುಡುಕಿದಳು. ಒಂದು ಕಾಳೂ ಇರಲಿಲ್ಲ.

"ನನ್ ಪಾಲಿಂದು ಅಲ್ಲೇ ನಿಂತೋಯ್ತಲ್ಲವ್ವ," ಎಂದಳು. ಆಮೇಲೆ ಅರಿಶಿನದ ಕಲ್ಲನ್ನು ನೋಡಿ ಕಣ್ಣು ತುಂಬಿಕೊಂಡಳು. "ಆದ್ರೂ ಕೈಯಾರೆ ಕೂರ್ಸಿದ ದೇವ್ರ ಹೆಂಗವ್ವಾ ಕಿತ್ತಾಕ್ಲಿ?"

"ಗೌರಮ್ಮನ್ನ ಕೂರಿಸ್ತೀರಲ್ಲ ಸೊಣ್ಣಮ್ಮ. ಆಮೇಲೆ ಏನ್ಮಾಡ್ತೀರಿ?"

ಸೊಣ್ಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಮಡಿಲಕ್ಕಿ ಕಟ್ಟಿ ಕಳ್ಸಿಕೊಡ್ತೀವಿ," ಎಂದಳು.

ಮನೆಗಳಿಂದ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಬಂದವು. ಆರತಿಯಾಯಿತು. ಅರಿಶಿನದ ಕಲ್ಲನ್ನು ಮೊದಲು ಎತ್ತಿ, ಏರಿಯ ಬೇವಿನ ಮರದಡಿ ನೀರಿಗೆ ಮುಖ ಮಾಡಿ ಕೂರಿಸಿದರು. ತಾಯಿ ಎದ್ದ ಮೇಲೆ ಉಳಿದವು ಬರೀ ಕಲ್ಲು. ಬೋರಣ್ಣನೇ ಮುಂದೆ ನಿಂತು ಕಿತ್ತು ಎಸೆದ. ಕೊನೆಯ ಕಲ್ಲು ಹೊರಳಿದಾಗ ಎಲ್ಲರೂ ನೀರಿನತ್ತ ಬಗ್ಗಿದರು.

ಅಲೆ ಬಂತು. ಒಟ್ಟಿಕೊಂಡಿದ್ದ ಮರಳಿನ ಮೂಲೆ ಕುಸಿಯಿತು. ಕೆಂಪು ಗೆರೆ ಅಲುಗಿ, ಒಡೆದು, ಗೋಡೆಯಿದ್ದ ಜಾಗ ದಾಟಿ ಹಿತ್ತಲ ಕಡೆ ಹೊರಟಿತು.

"ದಾಟ್ತು! ಮೇಡಂ, ದಾಟ್ತು!" ವಾರಿಜಾ ಕಿರುಚಿದಳು. ಚೂಡಾಮಣಿಯೂ ಕಿರುಚಿದಳು. ಬೋರಣ್ಣ ಹೆಗಲ ಮೇಲಿನ ವಲ್ಲಿ ಬೀಸಿದ. ಹಿತ್ತಲು ತುಂಬಲು ಇನ್ನೂ ಎಷ್ಟೋ ಗಾಳಿ ಬೇಕಾಗಿತ್ತು, ಆದರೆ ದಡ ಮತ್ತೆ ನಡೆಯುತ್ತಿತ್ತು.

ಸೊಣ್ಣಮ್ಮ ಮಾತ್ರ ಕೂಗಲಿಲ್ಲ. ತನ್ನ ಕಾಲ ಬಳಿಗೆ ಬಂದ ಕಾಳುಗಳನ್ನು ನೋಡುತ್ತ ಕೇಳಿದಳು:

"ಸಮುದ್ರದಾಗೂ ಇಂಥ ಗ್ವಾಡೆ ಕಟ್ತಾರಾ?"

"ಕಟ್ತಾರೆ."

"ಗ್ವಾಡೆ ಆಚೆ ಮನೆಯೋರ್ಗೆ ಮೊದ್ಲೇ ಹೇಳಿ ಕಟ್ತಾರಾ?"

ಚೂಡಾಮಣಿ ಕರಗಿದ ಹಿತ್ತಲ ಕಡೆ ನೋಡಿದಳು. "ನಾನೂ ನಿಮಗೆ ಹೇಳಲಿಲ್ವಲ್ಲ, ಸೊಣ್ಣಮ್ಮ."

"ನಿಂಗೆ ಗೊತ್ತಿರ್ನಿಲ್ಲ, ಬುಡು," ಸೊಣ್ಣಮ್ಮ ಅವಳ ಒದ್ದೆ ಸೆರಗನ್ನು ಹಿಂಡಿ ಭುಜಕ್ಕೆ ಹಾಕಿದಳು. "ಈಗ ಗೊತ್ತಾಯ್ತಲ್ಲ. ಹೋಗಿ ಅವ್ರಿಗೂ ಹೇಳು."