ಇರುವೆ ಹತ್ತದ ತೊಟ್ಟಿಲು

ಐದು ತಿಂಗಳ ಬಸುರಿಯನ್ನು ಹತ್ತು ಜನರ ನಡುವೆ ಕುರ್ಚಿಯ ಮೇಲೆ ಕೂರಿಸಿ, ಮುಖಕ್ಕೆ ಕ್ಯಾಮೆರಾ ಹಿಡಿದು, "ಹುಟ್ಟೋ ಮಗುವಿಗೆ ಎಂಥ ತೊಟ್ಟಿಲು ಬೇಕು ಹೇಳಿ" ಎಂದು ಕೇಳುವವರಿಗೆ ಏನನ್ನಬೇಕು? ಕಲಘಟಗಿಯಲ್ಲಿ ಅದಕ್ಕೊಂದು ಮಾತಿದೆ, ಬರೆಯುವಂಥದ್ದಲ್ಲ. ಭಾಗ್ಯಾ ಆ ಮಾತನ್ನು ನುಂಗಿಕೊಂಡು ಗೋಡೆಗೆ ಒರಗಿ ನಿಂತಿದ್ದಳು.

ಕೇಳಿದವರು ಸುದೀಪ ಸರ್, ಅವಳು ಕೆಲಸ ಮಾಡುವ ಕಂಪನಿಯ ಯಜಮಾನರು. ಕುರ್ಚಿಯಲ್ಲಿ ಕೂತವಳು ಮೈಲಾರವ್ವ, ದುಮ್ಮವಾಡದಿಂದ ಬಂದ ಕೂಲಿಯ ಹೆಂಗಸು. ಜಾಗ, ಕಲಘಟಗಿಯ ಗುಡದಪ್ಪ ತೊಟ್ಟಿಲು ಮಾಡುವ ಪಡಸಾಲೆ. ಮೈಲಾರವ್ವನನ್ನು ಬಸ್ಸು ಹತ್ತಿಸಿ ಕರೆತಂದವಳು ಭಾಗ್ಯಾಳೇ.

ಭಾಗ್ಯಾ ಕಲಘಟಗಿಯಲ್ಲೇ ಹುಟ್ಟಿ ಬೆಳೆದವಳು. ಧಾರವಾಡದಲ್ಲಿ ಓದಿ, ಹುಬ್ಬಳ್ಳಿಯ ಈ ಕಂಪನಿಯಲ್ಲಿ ನೌಕರಿ ಹಿಡಿದು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ಕೊಂಡು ದೂರದ ಊರುಗಳಿಗೆ ಮಾರುವುದು ಕಂಪನಿಯ ವ್ಯಾಪಾರ. ಮಾರುವುದು ಎನ್ನುವುದು ದೊಡ್ಡ ಮಾತಾಯಿತು. ಗೋದಾಮಿನಲ್ಲಿ ತೊಟ್ಟಿಲ ಮೇಲೆ ತೊಟ್ಟಿಲು ಏರಿ ಧೂಳು ತಿನ್ನುತ್ತಿದ್ದವು. ಆಗ ಸುದೀಪ ಸರ್ ಎಲ್ಲಿಂದಲೋ ಡಿಸೈನ್ ಥಿಂಕಿಂಗ್ ಎಂಬ ವಿದ್ಯೆ ಕಲಿತು ಬಂದರು. ಆಫೀಸಿನ ಗೋಡೆಯ ತುಂಬ ಹಳದಿ, ಗುಲಾಬಿ ಅಂಟುಚೀಟಿಗಳು ಹತ್ತಿಕೊಂಡವು. ಚಹಾ ತರುವವನೂ ತನ್ನ ಅಭಿಪ್ರಾಯ ಬರೆದು ಅಂಟಿಸಬೇಕಾಯಿತು.

ಉಳಿದವರು ಹಿಂದೆ ನಗುತ್ತಿದ್ದರು. ಭಾಗ್ಯಾ ನಗಲಿಲ್ಲ. ಅವಳಿಗೆ ಅದು ನಿಜಕ್ಕೂ ಹಿಡಿಸಿತ್ತು. ಬಳಸುವವರ ಹತ್ತಿರ ಹೋಗು, ಅವರ ತ್ರಾಸು, ಅಂದರೆ ಸರ್ ಅನ್ನುವ ಪೇನ್ ಪಾಯಿಂಟ್, ಏನೆಂದು ನೋಡು, ಉಪಾಯ ಹುಡುಕು, ಒಂದು ಕಚ್ಚಾ ನಮೂನೆ ಮಾಡಿ ಅವರ ಕೈಗೇ ಕೊಡು, ತಪ್ಪಿದ್ದರೆ ತಿದ್ದು. ಹೀಗೆ ಮಾಡಿದವರ ಸರಕು ಬೇಕಾದವರ ಮನೆ ಸೇರುತ್ತದೆ. ನಾನೇ ಶಾಣ್ಯಾ ಎಂದು ಕೂತವರ ಸರಕು ಗೋದಾಮು ಸೇರುತ್ತದೆ. ಇದರಲ್ಲಿ ನಗುವಂಥದ್ದು ಏನಿದೆ ಎಂದು ಅವಳಿಗೆ ತಿಳಿಯಲಿಲ್ಲ.

ಅದೇ ಹುರುಪಿನಲ್ಲಿ ಗುಡದಪ್ಪನಿಗೂ ಹೇಳಲು ಹೋಗಿದ್ದಳು. ಗುಡದಪ್ಪ ತಲೆ ನರೆತವನು, ಅಪ್ಪ-ಅಜ್ಜನ ಕಾಲದಿಂದ ತೊಟ್ಟಿಲು ಕೆತ್ತಿ ಬಣ್ಣ ಹಾಕುವ ಮನೆತನ.

"ಹಂಗಂದ್ರ ಏನ್ ಬೇ ತಂಗಿ ಅದು?"

"ಉಣ್ಣಾವ್ರನ್ನ ಕೇಳಿ ಅಡಗಿ ಮಾಡೂದು ಕಾಕಾ."

"ಇದನ್ನ ಕಲಿಯಾಕ ಹುಬ್ಬಳ್ಳಿಗಿ ಹೋಗಬೇಕಾತೇನು? ನನ್ನ ಹೇಣ್ತಿ ದಿನಾ ಕೇಳತಾಳ."

"ಕಾಕಿ ಕೇಳತಾಳ. ನೀವು ಕೇಳೀರೇನು? ಹುಟ್ಟಿದಾಗಿಂದ ಗೌಡ್ರ ಮನಿಗಿ, ದೇಸಾಯರ ಮನಿಗಿ ತೊಟ್ಲ ಮಾಡೀರಿ. ಹೊಲದಾಗ ಕೂಸು ಮಲಗಸಾವ್ರಿಗಿ ಎಂಥಾದ್ ಬೇಕಂತ ಒಮ್ಮೆರ ಕೇಳೀರೇನು?"

ಗುಡದಪ್ಪ ಉಳಿ ಕೆಳಗಿಟ್ಟ. "ಇಲ್ಲವಾ," ಎಂದ. "ಅದು ನನ್ನ ತಲ್ಯಾಗ ಬಂದಿಲ್ಲ."

ಭಾಗ್ಯಾಳ ತಲೆಯಲ್ಲಿ ಅದು ಬಂದದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ದುಮ್ಮವಾಡಕ್ಕೆ ಹೋದಾಗ ಗೋವಿನಜೋಳದ ಹೊಲದ ಬದುವಿನಲ್ಲಿ, ಮಾವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿದ್ದನ್ನು ನೋಡಿದಳು. ಒಳಗಿನ ಕೂಸು ಅಳುತ್ತಿರಲಿಲ್ಲ; ಅತ್ತು ಅತ್ತು ದನಿ ಹೋಗಿತ್ತು. ಕೊಂಬೆಯಿಂದ ಇಳಿದ ಕೆಂಪಿರುವೆಗಳು ಎರಡೂ ರೆಪ್ಪೆಗಳ ಮೇಲೆ ಗುಂಪು ಕಟ್ಟಿದ್ದವು. ಭಾಗ್ಯಾ ಕೂಗಿಕೊಂಡಳು. ಕಳೆ ತೆಗೆಯುತ್ತಿದ್ದ ತಾಯಿ, ಇದೇ ಮೈಲಾರವ್ವ, ಓಡಿ ಬಂದಳು. ಇಬ್ಬರೂ ಕೂತು ಒಂದೊಂದೇ ಇರುವೆಯನ್ನು ಉಗುರಿನಿಂದ ಕಿತ್ತರು. ಕೂಸಿನ ಕಣ್ಣು ತೆರೆಯಲು ವಾರವೇ ಹಿಡಿಯಿತು, ಮತ್ತು ಬಲಗಣ್ಣಿನ ರೆಪ್ಪೆ ಇಂದಿಗೂ ಪೂರ್ತಿ ಏಳುವುದಿಲ್ಲ.

ಆ ರೆಪ್ಪೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಭಾಗ್ಯಾ ಮತ್ತು ಗುಡದಪ್ಪ ಒಂದು ನಮೂನೆ ಮಾಡಿದರು. ಮಡಚಿ ಹೆಗಲಿಗೆ ಹಾಕಿಕೊಳ್ಳುವಂಥ ಹಗುರ ಕಟ್ಟಿಗೆಯ ಕಾಲುಗಳು, ನಡುವೆ ಬಟ್ಟೆಯ ತೊಟ್ಟಿಲು, ಮೇಲೆ ಪರದೆ. ಅಡುಗೆಮನೆಯ ಕಪಾಟಿನ ಕಾಲನ್ನು ನೀರಿನ ಬಟ್ಟಲಿನಲ್ಲಿ ಇಡುತ್ತಾರಲ್ಲ, ಹಾಗೆ ಪ್ರತಿ ಕಾಲಿಗೂ ಒಂದು ಬಟ್ಟಲು. ಕೂಲಿಯವರ ಕೂಸೂ ಕಣ್ಣು ಬಿಟ್ಟಾಗ ಬಣ್ಣ ಕಾಣಲಿ ಎಂದು ಗುಡದಪ್ಪ ಮೇಲಿನ ಪಟ್ಟಿಯಲ್ಲಿ ಜೋಡಿ ಗಿಳಿ ಬರೆದ. ಭಾಗ್ಯಾ ಅದನ್ನು ದುಮ್ಮವಾಡಕ್ಕೆ ಒಯ್ದು ಬಿಚ್ಚಿ ನಿಲ್ಲಿಸಿದಾಗ ಮೈಲಾರವ್ವ ಬಟ್ಟೆಯನ್ನು ಎಳೆದಳು, ಕಾಲು ಅಲುಗಾಡಿಸಿದಳು, ಗಿಳಿಯನ್ನು ಸವರಿದಳು. ಅಷ್ಟರಲ್ಲಿ ಅವಳು ಮತ್ತೆ ಬಸುರಿ.

"ಮೊದಲನೇದು ದುಮ್ಮವಾಡಕ್ಕ ಬರತೈತಿ," ಎಂದು ಭಾಗ್ಯಾ ಮಾವಿನ ಮರದ ಕಡೆ ನೋಡುತ್ತ ಹೇಳಿದಳು. ಮೈಲಾರವ್ವ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಅದು ಭಾಷೆ ಕೊಟ್ಟಂತೆಯೇ. ಬಾಯಿ ಬಿಟ್ಟು ಹೇಳುವಂತಿರಲಿಲ್ಲ, ಅಷ್ಟೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದು ಈ ಕಡೆ ಯಾರಿಗೆ ಗೊತ್ತಿಲ್ಲ? ಹೊಟ್ಟೆಯಲ್ಲಿರುವ ಜೀವಕ್ಕೆ ಅಂಗಿಯ ಮಾತಿಲ್ಲ, ಹೆಸರಿನ ಮಾತಿಲ್ಲ, ತೊಟ್ಟಿಲ ಮಾತಂತೂ ಇಲ್ಲವೇ ಇಲ್ಲ. ಭಾಗ್ಯಾಳ ಮನೆಯಲ್ಲಿ ಬುದ್ಧನ ಫೋಟೋ ಇತ್ತು; ಶಕುನ-ಗಿಕುನವೆಂದರೆ ಅವಳಪ್ಪ ಬೈಯುತ್ತಿದ್ದ. ಆದರೆ ನಂಬದವರಿಗೂ ಗೊತ್ತಿರುತ್ತದಲ್ಲ, ಎದುರಿನವರು ಎಲ್ಲಿ ಅಂಜುತ್ತಾರೆಂದು.

ಅದಕ್ಕೇ ಈ ದಿನ ಸುದೀಪ ಸರ್ ಗಾಡಿಯಿಂದ ಇಳಿಯುತ್ತಿದ್ದಂತೆಯೇ ಅವರಿಗೆ ಹೇಳಿದ್ದಳು. "ಹುಟ್ಟದ ಕೂಸಿನ ಮಾತು ತಗೀಬ್ಯಾಡ್ರಿ ಸರ್. ಮೊದಲನೇದರ ಬಗ್ಗೆ ಕೇಳ್ರಿ." ಅವರು ಮೊಬೈಲು ನೋಡುತ್ತ ತಲೆಯಾಡಿಸಿದ್ದರು. ಆ ತಲೆಗೆ ಆಡುವುದೊಂದೇ ಗೊತ್ತಿತ್ತೆಂದು ಈಗ ತಿಳಿಯಿತು.

"ಹೇಳಿ, ಎಂಥ ತೊಟ್ಟಿಲು ಬೇಕು?" ಸರ್ ಮತ್ತೆ ಕೇಳಿದರು.

"ಏನೂ ಬ್ಯಾಡ್ರಿ," ಎಂದಳು ಮೈಲಾರವ್ವ. ಅವಳ ಕೈ ಹೊಟ್ಟೆಯ ಮೇಲಿತ್ತು.

"ಹಗುರ ಇರೋದು? ಪರದೆ ಇರೋದು? ಇರುವೆ ಹತ್ತದ ಹಾಗೆ ಬಟ್ಟಲು?"

"ನಮಗ್ಯಾಕ್ರೀ ತೊಟ್ಲ. ಬ್ಯಾಡ್ರಿ."

ಸರ್ ಹಳದಿ ಚೀಟಿಯ ಮೇಲೆ ಬರೆದು ಗೋಡೆಗೆ ಹಚ್ಚಿದರು: 'ಹಳ್ಳಿಯ ತಾಯಂದಿರಿಗೆ ಅಗತ್ಯವಿಲ್ಲ.' ಭಾಗ್ಯಾ ಹತ್ತಿರ ಹೋಗಿ, ಹಾಗಲ್ಲ ಸರ್, ಇಲ್ಲಿ ಹೀಗೆ ಕೇಳಿದರೆ ಯಾವ ಬಸುರಿಯೂ ಬೇಡ ಎಂದೇ ಹೇಳುತ್ತಾಳೆ ಎಂದು ಪಿಸುಗುಟ್ಟಿದಳು. ಅವರು ಮಕ್ಕಳಿಗೆ ಬುದ್ಧಿ ಹೇಳುವವರಂತೆ ಮುಗುಳ್ನಕ್ಕರು.

"ಭಾಗ್ಯಾ, ನಮ್ಮ ಊಹೆ ಬೆರೆಸಬಾರದು. ಬಳಸುವವರ ಮಾತೇ ದೇವರು."

ಬಾಯಿಂದ ಬಿದ್ದ ಮಾತು ದೇವರಾಯಿತು. ಹೊಟ್ಟೆಯ ಮೇಲಿದ್ದ ಕೈಯನ್ನು ಯಾರೂ ನೋಡಲಿಲ್ಲ. ಕಡೆಗೆ ಭಾಗ್ಯಾಳೇ ಮೊದಲ ಕೂಸಿನ ಮಾತು ತೆಗೆದಳು. ಮೈಲಾರವ್ವ ಇರುವೆಯ ಕಥೆ ಹೇಳಿದಳು. "ಕೈ ಕೆಲಸದ ಮ್ಯಾಲ, ಕಣ್ಣು ಕೂಸಿನ ಮ್ಯಾಲ ಇರತೈತ್ರಿ. ಅವತ್ತೊಂದ ದಿನ ಕಣ್ಣು ತಪ್ಪಿತು," ಎಂದು ಅತ್ತಳು. ಕ್ಯಾಮೆರಾದವನು ಇನ್ನೂ ಹತ್ತಿರ ಸರಿದ. ಇದಕ್ಕೆಂದೇ ಕಂಪನಿ ಬೆಂಗಳೂರಿನಿಂದ ಕರೆಸಿದ್ದ ಹುಡುಗಿ ಎದೆಗೆ ಕೈ ಒತ್ತಿಕೊಂಡು, "ಎಂಥ ಪೇನ್ ಪಾಯಿಂಟ್!" ಎಂದಳು. ದನಿಯಲ್ಲಿ ದುಃಖವಿರಲಿಲ್ಲ, ಹಬ್ಬವಿತ್ತು. ಗುಡದಪ್ಪನ ಹೆಂಡತಿ ಎಲ್ಲರಿಗೂ ತಿನ್ನಲು ಚುರುಮುರಿಯ ಗಿರಮಿಟ್ಟು ಮಾಡಿಕೊಟ್ಟಿದ್ದಳು. ಕಂಪನಿಯವರು ಎಣ್ಣೆಗೈಯಲ್ಲೇ ಗುಲಾಬಿ ಚೀಟಿಗಳ ಮೇಲೆ ಇರುವೆ, ಕಣ್ಣು, ಅಳು ಎಂದು ಬರೆದು ಅಂಟಿಸಿದರು. ಭಾಗ್ಯಾಳಿಗೆ ಹೇಸಿಗೆ ಹುಟ್ಟಿತು. ಹೆಣದ ಮನೆಯಲ್ಲಿ ಊಟದ ರುಚಿ ಹೊಗಳುವವರನ್ನು ನೋಡಿದಾಗಲೂ ಅವಳಿಗೆ ಇಷ್ಟು ಹೇಸಿಗೆ ಆಗಿರಲಿಲ್ಲ.

ಅಷ್ಟಕ್ಕೂ ಮುಗಿಯಲಿಲ್ಲ. ವಿಡಿಯೋಗೆ ಚಂದ ಕಾಣಲೆಂದು ಆ ಹುಡುಗಿ ಪಡಸಾಲೆಯಲ್ಲಿ ತೂಗುಹಾಕಿದ್ದ ದೊಡ್ಡ ತೊಟ್ಟಿಲನ್ನು ಜೋರಾಗಿ ತೂಗಿದಳು. ಖಾಲಿ ತೊಟ್ಟಿಲನ್ನು, ಬಸುರಿಯ ಎದುರಿಗೆ! ಗುಡದಪ್ಪ "ಏ ಏ" ಎನ್ನುತ್ತ ಒಳಗೆ ಓಡಿ ಒರಳಿನ ಗುಂಡಕಲ್ಲು ತಂದು, ತೂಗುವ ತೊಟ್ಟಿಲು ಖಾಲಿ ಇರಬಾರದೆಂದು ಅದರಲ್ಲಿ ಹಾಕುವಷ್ಟರಲ್ಲಿ ಮೈಲಾರವ್ವ ಎದ್ದಾಗಿತ್ತು. ಚಪ್ಪಲಿ ಮೆಟ್ಟಿಕೊಂಡು, ಯಾರನ್ನೂ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಕಲ್ಲು ಮಲಗಿದ ತೊಟ್ಟಿಲು ನೋಡಿ ಅವರೆಲ್ಲ ನಕ್ಕು, ಅದರದ್ದೂ ಒಂದು ಫೋಟೋ ತೆಗೆದುಕೊಂಡರು. ಹೋಗುವಾಗ ಗುಡದಪ್ಪನ ನಮೂನೆಯನ್ನೂ ಗಾಡಿಯಲ್ಲಿ ಹಾಕಿಕೊಂಡು ಹೋದರು.

ಮುಂದಿನ ತಿಂಗಳು ಹುಬ್ಬಳ್ಳಿಯ ಆಫೀಸಿನಲ್ಲಿ ಸಭೆ. ಚೀಟಿಗಳನ್ನೆಲ್ಲ ಗುಂಪು ಮಾಡಿ, ಸುತ್ತ ಗೆರೆ ಎಳೆದು, ಸುದೀಪ ಸರ್ ತೀರ್ಮಾನ ಹೇಳಿದರು. ಹಳ್ಳಿಯಲ್ಲಿ ಅಗತ್ಯವಿಲ್ಲ, ಬಳಸುವವರೇ ಹೇಳಿದ್ದಾರೆ. ಆದರೆ ನಮೂನೆ ಬಹಳ ಚೆನ್ನಾಗಿದೆ: ಹಗುರ, ಮಡಚಬಹುದು, ಇರುವೆ ಹತ್ತುವುದಿಲ್ಲ, ಗಿಳಿಯ ಚಿತ್ತಾರ ಬೇರೆ. ದೊಡ್ಡ ಊರುಗಳ ಅಪಾರ್ಟ್‌ಮೆಂಟಿನವರಿಗೆ ಇಂಥದ್ದು ಬೇಕಾಗಿದೆ.

"ಕೂಸುಗಳಿಗಾ ಸರ್?"

"ನಾಯಿಗಳಿಗೆ," ಎಂದರು ಸರ್.

ಭಾಗ್ಯಾ ನಗೆಚಾಟಿಕೆ ಎಂದುಕೊಂಡಳು. ಯಾರೂ ನಗಲಿಲ್ಲ. "ಸರ್, ಇದು ಮೈಲಾರವ್ವನ ಕೂಸಿನ ಕಣ್ಣು ನೋಡಿ ಮಾಡಿದ್ದು," ಎಂದಳು. "ಮೊದಲ ಒಂದಿಷ್ಟು ದುಮ್ಮವಾಡಕ್ಕ ಕೊಡೂಣು. ಕೊಟ್ಟು ನೋಡೂಣು. ನೀವಽ ಕಲಿಸಿದ್ದು ಇದನ್ನ."

"ಅನುಕಂಪ ಶುರುವಿಗೆ, ಭಾಗ್ಯಾ. ಕೊನೆಗೆ ಬಿಸಿನೆಸ್ ಉಳೀಬೇಕು. ಇವತ್ತು ಇದು ನಡೆದರೆ ನಾಳೆ ಹಳ್ಳಿಗೂ ಮಾಡೋಣ." ಆ ನಾಳೆಯನ್ನು ಯಾವ ಚೀಟಿಯ ಮೇಲೂ ಬರೆಯಲಿಲ್ಲ.

ಹೇಸಿಗೆಯ ಮಾತೆಂದರೆ, ವ್ಯಾಪಾರದ ಲೆಕ್ಕದಲ್ಲಿ ಅವರು ಹೇಳಿದ್ದು ಸುಳ್ಳಾಗಲಿಲ್ಲ. ನಾಯಿಯ ತೊಟ್ಟಿಲು ಬಿಸಿ ಮಿರ್ಚಿಯ ಹಾಗೆ ಖರ್ಚಾಯಿತು. ಗೋದಾಮಿನಲ್ಲಿ ಅವು ಒಂದು ದಿನವೂ ನಿಲ್ಲಲಿಲ್ಲ. ಗುಡದಪ್ಪನಿಗೆ ಕೈ ತುಂಬ ಕೆಲಸ ಬಂತು, ಜತೆಗೆ ಒಂದು ಕರಾರೂ ಬಂತು: ಆ ನಮೂನೆಯನ್ನು ಬೇರೆ ಯಾರಿಗೂ ಮಾಡಿಕೊಡುವಂತಿಲ್ಲ. ಭಾಗ್ಯಾ ಹೋಗಿ ಒಂದೇ ಒಂದು ಮಾಡಿಕೊಡಿ ಎಂದು ಕೇಳಿದಾಗ ಅವನು ಬಣ್ಣದ ಕುಂಚದಿಂದ ಕಣ್ಣು ಎತ್ತಲಿಲ್ಲ.

"ಸಹಿ ಹಾಕೀನಿ ತಂಗಿ. ಗೊತ್ತಾದ್ರ ಕೆಲಸ ಹೋಗತೈತಿ," ಎಂದ. ಕುಂಚವನ್ನು ಬಣ್ಣದಲ್ಲಿ ಅದ್ದಿ, "ನಾಯಿಗಿ ಗಿಳಿ ಬರೆಯಾಕತ್ತೀನಿ ನೋಡು. ನನ್ನಪ್ಪ ಇದ್ದಿದ್ರ ಈ ಕೈಗಿ ಉಗುಳತಿದ್ದ," ಎಂದು ಗಿಳಿಯ ಕೊಕ್ಕಿಗೆ ಕೆಂಪು ಹಚ್ಚಿದ. ಅವನ ಮೇಲೆ ಸಿಟ್ಟು ಮಾಡುವುದಕ್ಕೂ ಭಾಗ್ಯಾಳಿಗೆ ಮುಖವಿರಲಿಲ್ಲ. ಅವಳದೂ ಅದೇ ಅನ್ನ.

ಮೈಲಾರವ್ವ ಹೆಣ್ಣು ಹಡೆದಳು. ಸುದ್ದಿ ತಿಳಿದು ಭಾಗ್ಯಾ ಕುಲಾವಿ, ಅಂಗಿ ತೆಗೆದುಕೊಂಡು ದುಮ್ಮವಾಡಕ್ಕೆ ಹೋದಾಗ ಬಾಣಂತನ ಇನ್ನೂ ಮುಗಿದಿರಲಿಲ್ಲ, ಆದರೆ ಹೊಲದ ಕೆಲಸ ಕರೆಯುತ್ತಿತ್ತು. ಮೊದಲನೆಯದು ಅಂಗಳದಲ್ಲಿ ಕೋಳಿ ಅಟ್ಟುತ್ತಿತ್ತು, ಬಲಗಣ್ಣು ಅರ್ಧ ಮುಚ್ಚಿಕೊಂಡೇ. ಮೈಲಾರವ್ವ ಭಾಗ್ಯಾಳನ್ನು ಕಂಡು ಮುಖ ಅರಳಿಸಿದಳು. ಈಗ ಅವಳಿಗೆ ಅಂಜಿಕೆ ಇರಲಿಲ್ಲ. ಕೂಸು ಕಣ್ಣೆದುರಿಗೇ ಇತ್ತು.

"ಬಾರ ಯಕ್ಕಾ. ಅವತ್ತ ಆ ಸರ್ ಕೇಳಿದ್ರಲ್ಲ, ಅವರಿಗಿ ಈಗ ಹೇಳು. ಹಗುರ ಇರಲಿ, ಹೆಗಲ ಮ್ಯಾಲ ಒಯ್ಯೂ ಹಂಗ. ಪರದಿ ಇರಲಿ. ಕಾಲಿಗಿ ನೀರಿನ ಬಟ್ಲ ಇರಲಿ. ಮ್ಯಾಲ ಆ ಗಿಳಿನೂ ಇರಲಿ, ಚಂದ ಇದ್ವು." ಒಂದೂ ಬಿಡದೆ ಹೇಳಿ, "ಯಾವಾಗ ಬರತೈತಿ ಬೇ?" ಎಂದು ಕೇಳಿದಳು.

ಭಾಗ್ಯಾ ಸುಳ್ಳು ಹೇಳಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಸುದೀಪ ಸರ್ ಹೇಳಿದ 'ನಾಳೆ' ನೆನಪಾಯಿತು. ಮೊಬೈಲು ತೆಗೆದು ಕಂಪನಿಯ ಜಾಹೀರಾತು ತೋರಿಸಿದಳು. ಫಳಫಳ ಹೊಳೆಯುವ ಮನೆ. ಗಾಜಿನ ಕಿಟಕಿಯ ಹತ್ತಿರ ಆ ತೊಟ್ಟಿಲು, ಆ ಗಿಳಿ, ಆ ಪರದೆ. ಒಳಗೆ ಬಿಳಿಯ ಕೂದಲಿನ ಪುಟ್ಟ ನಾಯಿ ಮಲಗಿತ್ತು, ಪಾಪ, ಅದಕ್ಕೇನು ಗೊತ್ತು. ತೆಳ್ಳಗೆ ಸಂಗೀತ, ಅದರ ಮೇಲೆ ಒಂದು ಹೆಂಗಸಿನ ದನಿ: ಕೈ ಕೆಲಸದ ಮ್ಯಾಲ, ಕಣ್ಣು ಕೂಸಿನ ಮ್ಯಾಲ. ಅಳು ಬರುವ ಮುಂಚೆಯೇ ಕತ್ತರಿಸಿದ್ದರು.

ಮೈಲಾರವ್ವ ತನ್ನ ದನಿಯನ್ನು ಗುರುತು ಹಿಡಿದಳು. ಇನ್ನೊಮ್ಮೆ ಹಚ್ಚು ಎಂದು ಕೈಸನ್ನೆ ಮಾಡಿದಳು. ಎರಡನೆಯ ಸಲ ದನಿ ಕೇಳಲಿಲ್ಲ, ನಾಯಿಯನ್ನೇ ನೋಡಿದಳು, ಬಹಳ ಹತ್ತಿರದಿಂದ. ಅವಳು ಬೈಯುತ್ತಾಳೆ, ಉಗಿಯುತ್ತಾಳೆ ಎಂದು ಭಾಗ್ಯಾ ಕಾದಳು. ಬೈದರೆ ಸಾಕು ಎನ್ನುವಂತಾಗಿತ್ತು.

"ಇದರ ಕಣ್ಣಿಗೂ ಇರವಿ ಮುತ್ತಿದ್ವೇನ್ ಬೇ, ಯಕ್ಕಾ?" ಎಂದು ಮೈಲಾರವ್ವ ನಿಜವಾಗಿಯೂ ಮರುಗಿ ಕೇಳಿದಳು.

ಭಾಗ್ಯಾ ಮೊಬೈಲನ್ನು ಚೀಲದೊಳಗೆ ಹಾಕಿ, ತಂದಿದ್ದ ಕುಲಾವಿಯನ್ನು ತೆಗೆದು ಮುಂದಿಟ್ಟಳು. ಮೈಲಾರವ್ವ ಕುಲಾವಿಯನ್ನೂ ಅವಳ ಮುಖವನ್ನೂ ನೋಡಿದಳು. ಆಮೇಲೆ ಎದ್ದು, ತೊಲೆಗೆ ಕಟ್ಟಿದ್ದ ಹಳೆಯ ಸೀರೆಯ ಜೋಳಿಗೆಯ ಗಂಟನ್ನು ಎರಡೂ ಕೈಯಿಂದ ಜಗ್ಗಿ ನೋಡಿ, ಕೂಸನ್ನು ಅದರೊಳಗೆ ಮಲಗಿಸಿದಳು.