ಹೊಗೆ ಹಿಡಿದ ಏಪ್ರನ್

ಪಿಟ್‌ಹೇವನ್ ಲಾಡ್ಜಿನ ಹಳೇ ಏಪ್ರನ್ನಿಗೆ ಚರ್ಮ ಕೊಟ್ಟ ಕುರಿಮರಿ ಎಂಥದ್ದೆಂದರೆ, ಅದು ಸ್ಕಾಟ್‌ಲ್ಯಾಂಡಿನ ಫೈಫ್ ದಂಡೆಯ ಬಂಡೆ ಮೇಲೆ ನಿಂತು ಒಂದು ಸಲ ‘ಬ್ಯಾ’ ಅಂದರೆ ಸಾಕು, ಕಡಲಾಚೆ ನಾರ್ವೆಯ ಬೆಸ್ತರು ಬಿರುಗಾಳಿ ಬಂತೆಂದು ಬಲೆ ಸುತ್ತಿಕೊಂಡು ಮನೆಗೆ ಓಡುತ್ತಿದ್ದರು. ಅದರ ಉಣ್ಣೆ ಕತ್ತರಿಸಲು ಹನ್ನೊಂದು ಜನಕ್ಕೆ ಹನ್ನೊಂದು ದಿನ ಹಿಡಿಯಿತು. ಮೂರು ಊರಿನವರು ಕಂಬಳಿ ಮಾಡಿಕೊಂಡ ಮೇಲೂ ಉಳಿದದ್ದನ್ನು ಚರ್ಚಿನ ಗೋಪುರಕ್ಕೆ ಚಳಿಯಾಗದಿರಲಿ ಅಂತ ಸುತ್ತಿದರು. ಸಾಯುವಾಗ ಅದಕ್ಕೆ ನೂರಾ ನಾಲ್ಕು ವರ್ಷ. ಆಗಲೂ ಅದು ಮರಿಯೇ.

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ವಾಟಿ ಕಿನ್ನಿಯರ್ ಮೂವತ್ತೆಂಟು ವರ್ಷದಿಂದ ಹೇಳುತ್ತ ಬಂದಿದ್ದ. ಅವನಿಗೆ ಮೀಸೆ ಇರಲಿಲ್ಲ.

ವಾಟಿ ಲಾಡ್ಜಿನ ಬಾಗಿಲ ಕಾವಲಿಗ. ಲಾಡ್ಜೆಂದರೆ ಫ್ರೀಮೇಸನ್ ಎಂಬ ಹಳೇ ಗುಟ್ಟಿನ ಸಂಘದ ಶಾಖೆ; ಅದರವರು ಒಳಗೆ ಸಭೆ ಸೇರಿದಾಗ ಹೊರಗೆ ಬಿಚ್ಚುಗತ್ತಿ ಹಿಡಿದು ನಿಲ್ಲುವವನು. ಆ ಕತ್ತಿಯ ತೂಕ ಒಂದು ಎಳೆ ಹಸುವಿನಷ್ಟು, ಅದರ ಹೊಳಪಿಗೆ ಬಂದರಿನ ದೀಪಸ್ತಂಭದವರು ನಾಚಿ ದೀಪ ಆರಿಸುತ್ತಿದ್ದರು. ಇದೂ ವಾಟಿಯ ಮಾತೇ. ಸಭೆಗೆ ಬೇಕಾದ ಉಡುಗೆ ತೊಡುಗೆಯ ಪೆಟ್ಟಿಗೆ ಅವನ ಸುಪರ್ದಿಗೆ ಸೇರಿದ್ದು. ಅಧಿಕಾರ ಹಿಡಿದವರು ಕಟ್ಟುವ ಹೆರಿಂಗ್ ಮೀನಿನ ಬೆನ್ನಿನ ನೀಲಿ ಬಣ್ಣದ ಅಂಚಿನ ಏಪ್ರನ್ನುಗಳು, ಲಾಡ್ಜಿನ ಮುಖ್ಯಸ್ಥನಾದ ಮಾಸ್ಟರನ ಕೊರಳಿಗೆ ಬೆಳ್ಳಿಯ ಮೂಲೆಮಟ್ಟ, ಕಿರಿಯ ವಾರ್ಡನ್ನನ ಕೊರಳಿಗೆ ಬೆಳ್ಳಿಯ ತೂಕದಗುಂಡು, ಎಲ್ಲ ಅದರಲ್ಲಿ. ಎಲ್ಲದರ ತಳದಲ್ಲಿ ಬಟ್ಟೆ ಸುತ್ತಿದ ಹಳೇ ಏಪ್ರನ್. ಇನ್ನೂರ ಅರವತ್ತು ವರ್ಷದ ಹಿಂದೆ ಲಾಡ್ಜಿನ ಮೊದಲ ಮಾಸ್ಟರ್ ಕಟ್ಟಿದ್ದು. ಪ್ರತಿ ವರ್ಷ ಮಾಸ್ಟರ್ ಪೀಠ ಏರುವ ದಿನ ಅದನ್ನು ಐದು ನಿಮಿಷ ಕಟ್ಟಿಕೊಳ್ಳಬೇಕು, ಅದಿಲ್ಲದೆ ಪೀಠವಿಲ್ಲ.

ಅದು ಲಾಡ್ಜಿನದು. ಅದಲ್ಲದೆ ಸೇರಿದ ಪ್ರತಿಯೊಬ್ಬನಿಗೂ ತನ್ನದೇ ಒಂದು ಬಿಳಿ ಕುರಿಮರಿ ಚರ್ಮದ ಏಪ್ರನ್ ಸಿಗುತ್ತದೆ. ಸೇರಿದ ದಿನ ಸೊಂಟಕ್ಕೆ ಕಟ್ಟಿ ಹೇಳುತ್ತಾರೆ: ಇದು ಕಲೆಯಿಲ್ಲದ್ದು, ನೀನೂ ಹಾಗೇ ಇರು, ಕೊನೆಗೆ ಇದು ನಿನ್ನ ಜೊತೆಗೇ ಮಣ್ಣಿಗೆ ಬರುತ್ತದೆ. ವಾಟಿ ಆ ಮಾತು ಕೇಳಿದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ. ಬಾಯಿ ತೆರೆದರೆ ಬುರುಡೆ ಬಿಡುವವನು ಆ ಒಂದು ಮಾತಿಗೆ ಮಾತ್ರ ಯಾವತ್ತೂ ಉಪ್ಪುಖಾರ ಸೇರಿಸಿರಲಿಲ್ಲ.

ಈಗ ಅವನಿಗೆ ಎಪ್ಪತ್ತೊಂಬತ್ತು. ಹೋದ ತಿಂಗಳು ಡಾಕ್ಟರು ಅವನ ಎದೆಗೆ ಕೊಳವೆ ಇಟ್ಟು ಕೇಳಿ, ಅದನ್ನು ತುಂಬ ನಿಧಾನವಾಗಿ ಮಡಚಿ ಜೇಬಿಗಿಟ್ಟುಕೊಂಡಿದ್ದರು. ಲಾಡ್ಜೂ ಮುಚ್ಚುತ್ತಿತ್ತು. ಉಳಿದವರು ಎಂಟು ಜನ, ಮಹಡಿಯ ಇಪ್ಪತ್ಮೂರು ಮೆಟ್ಟಿಲು ಹತ್ತಬಲ್ಲವರು ಮೂವರು. ಫೆಬ್ರವರಿಯ ಆ ಶನಿವಾರ ಮಧ್ಯಾಹ್ನ ಕಡಲ ಮಂಜು ಕಿಟಕಿಗೆ ಒದ್ದೆ ಕಂಬಳಿಯಂತೆ ಅಂಟಿಕೊಂಡಿತ್ತು. ಜಿಲ್ಲೆಯ ಮ್ಯೂಸಿಯಮ್ಮಿನಿಂದ ಮಿಸ್ ಗೌರ್ಲಿ ಎಂಬಾಕೆ ಬಂದು ಹಳೇ ಏಪ್ರನ್ ಒಯ್ಯುವವಳಿದ್ದಳು. ಗಾಜಿನ ಪೆಟ್ಟಿಗೆಯಲ್ಲಿ, ದೀಪದ ಕೆಳಗೆ ಅದು ಇನ್ನೂರು ವರ್ಷ ಇರುತ್ತದಂತೆ.

ವಾಟಿಗೆ ರಾತ್ರಿ ನಿದ್ದೆ ಹತ್ತದಿದ್ದದ್ದು ಅದಕ್ಕೇ. ಪೆಟ್ಟಿಗೆಯ ತಳದಲ್ಲಿದ್ದದ್ದು ಲಾಡ್ಜಿನ ಹಳೇ ಏಪ್ರನ್ ಅಲ್ಲ. ಅವನದೇ.

ಹತ್ತೊಂಬತ್ತು ವರ್ಷದ ಹಿಂದೆ ಅವನ ಜೀವದ ಗೆಳೆಯ ಎಕ್ ಟಾರ್ವಿಟ್, ಹ್ಯಾಡಕ್ ಮೀನಿಗೆ ಹೊಗೆ ಕೊಡುವ ಗೂಡಿನವನು, ತೀರಿಕೊಂಡ. ಹೂಳುವ ದಿನ ಬೆಳಿಗ್ಗೆ ಅವನ ಹೆಂಡತಿ ನೆಟ್ಟಾ ಏಪ್ರನ್ ಹುಡುಕಿದರೆ ಸಿಕ್ಕಿದ್ದು ಬಕೆಟ್ಟಿನಲ್ಲಿ. ಎರಡು ವರ್ಷದಿಂದ ಅವಳೇ ಅದನ್ನು ಕಿಟಕಿ ಒರೆಸುವ ಚರ್ಮವೆಂದುಕೊಂಡು ಉಜ್ಜುತ್ತಿದ್ದಳು. ಚಿಂದಿಯಾಗಿತ್ತು. ಅವಳು ಅಳುವುದನ್ನು ನೋಡಲಾರದೆ ವಾಟಿ, ತನ್ನದನ್ನೇ ಕೊಡೋಣವೆಂದು ಲಾಡ್ಜಿಗೆ ಓಡಿ, ಅದನ್ನೂ ಇಡುತ್ತಿದ್ದ ಆ ಪೆಟ್ಟಿಗೆಯಿಂದ ಒಂದು ಗಂಟು ತಂದುಕೊಟ್ಟ. ಅದನ್ನು ಎಕ್‌ನ ಎದೆ ಮೇಲೆ ಹರಡಿ ಮುಚ್ಚಳ ಹಾಕಿದರು. ಹೂತಾದ ಮೇಲೆ ನೋಡಿದರೆ ಪೆಟ್ಟಿಗೆಯಲ್ಲಿ ಉಳಿದದ್ದು ತನ್ನದು, ಹೋದದ್ದು ಲಾಡ್ಜಿನದು. ಅವಸರದಲ್ಲಿ ಕೈತಪ್ಪಾಯಿತು. ಹಾಗೆಂದು ವಾಟಿ ತನಗೆ ತಾನೇ ಹೇಳಿಕೊಂಡಿದ್ದ.

ಆರು ವಾರಕ್ಕೆ ಹೊಸ ಮಾಸ್ಟರ್ ಪೀಠ ಏರಬೇಕಿತ್ತು. ವಾಟಿ ತನ್ನ ಬಿಳಿ ಏಪ್ರನ್ನನ್ನು ಕಡು ಚಹಾದಲ್ಲಿ ಎರಡು ದಿನ ನೆನೆಸಿ, ಎಕ್‌ನ ಗೂಡಿನಲ್ಲಿ ಹ್ಯಾಡಕ್ ಮೀನಿನ ಪಕ್ಕದಲ್ಲೇ ನೇತುಹಾಕಿ ಹೊಗೆ ಕೊಟ್ಟ. ಒಂದೇ ರಾತ್ರಿಯಲ್ಲಿ ಅದಕ್ಕೆ ಇನ್ನೂರು ವರ್ಷ ವಯಸ್ಸಾಯಿತು. ಮೀನಿನ ವಾಸನೆ ಯಾಕೆ ಅಂದವರಿಗೆ, ಮೊದಲ ಮಾಸ್ಟರ್ ತಿಮಿಂಗಿಲದ ಹೊಟ್ಟೆಯೊಳಗೆ ಹದಿನೇಳು ದಿನ ಇದ್ದು ಬಂದ ಕಥೆ ಹೇಳಿದ. ಆಮೇಲೆ ಆ ಸುಳ್ಳಿಗೆ ಊರುಗೋಲಾಗಿ ಇನ್ನೊಂದು, ಅದಕ್ಕೆ ಮತ್ತೊಂದು. ಮೊದಲಿಂದ ಹೇಳುತ್ತಿದ್ದ ಕುರಿಮರಿಯೂ ಇನ್ನಷ್ಟು ದೊಡ್ಡದಾಗುತ್ತ ಹೋಯಿತು. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಕಸುವು ಬೇಕು. ಈಚೀಚೆಗೆ ಅದೂ ಸಾಲುತ್ತಿರಲಿಲ್ಲ.

ಈಗ ಬಾಯಿ ಮುಚ್ಚಿಕೊಂಡಿದ್ದರೆ ಅವನ ಏಪ್ರನ್ ಗಾಜಿನೊಳಗೆ, ಅವನು ಬರಿಸೊಂಟದಲ್ಲಿ ಮಣ್ಣಿಗೆ.

ಮೆಟ್ಟಿಲು ಹತ್ತುವಾಗ ಹನ್ನೆರಡನೆಯದರಲ್ಲಿ ಕೂತ. ಮೇಲಿಂದ ಮಾಸ್ಟರ್ ಡಾಡ್ ಪ್ರಿಂಗಲ್ ಇಣುಕಿದ. ನಲ್ಲಿ ರಿಪೇರಿಯವನು, ಐವತ್ತರ ಆಳು. ಬೇರೆ ಯಾರೂ ಇಲ್ಲವೆಂದು ಏಳು ವರ್ಷದಿಂದ ಅವನೇ ಮಾಸ್ಟರ್.

“ಏನ್ ಬ್ರದರ್, ಅಲ್ಲೇ ಮನೆ ಮಾಡಿಬಿಟ್ಟೆಯಾ?”

“ಈ ಮೆಟ್ಟಿಲನ್ನ ಹೊತ್ಕೊಂಡು ಹೋಗಿ ಇಟ್ಟೋನು ನಾನೇ ಕಣೋ. ಒಂದೊಂದು ಕಲ್ಲೂ ಒಂದೊಂದು ಟನ್ನು. ಅದಕ್ಕೆ ಅದರ ಯೋಗಕ್ಷೇಮ ವಿಚಾರಿಸ್ತಿದೀನಿ.”

“ಮೆಟ್ಟಿಲು ಮರದ್ದು, ವಾಟಿ.”

“ಆವಾಗ ಕಲ್ಲಾಗಿದ್ವು. ಸವೆದು ಮರ ಆಗಿವೆ.”

ಡಾಡ್ ನಗಲಿಲ್ಲ. ಇಳಿದು ಬಂದು ರಟ್ಟೆ ಹಿಡಿದು ಎಬ್ಬಿಸಿದ.

ಮಿಸ್ ಗೌರ್ಲಿ ಆಗಲೇ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಕೈಗೆ ತೆಳು ಗವಸು ತೊಟ್ಟು ನಿಂತಿದ್ದಳು. ಸಣ್ಣ ಹೆಂಗಸು, ಮೂಗಿನ ತುದಿಗೆ ಕನ್ನಡಕ. ವಾಟಿ ಗಂಟು ಬಿಚ್ಚಿ ಏಪ್ರನ್ ಹರಡಿದ. ಹಳದಿ ಕಂದು ಚರ್ಮ, ಮೇಲ್ಭಾಗದಲ್ಲಿ ದುಂಡನೆಯ ಮಡಿಕೆ.

“ಮಡಿಕೆ ದುಂಡಗಿದೆಯಲ್ಲ, ಚೆನ್ನಾಗಿದೆ,” ಎಂದಳು ಆಕೆ.

“ಸ್ಕಾಟ್‌ಲ್ಯಾಂಡಿನ ಮಡಿಕೆ ದುಂಡಗೇ ಇರ್ಬೇಕಮ್ಮ. ಇಂಗ್ಲೆಂಡಿನೋರು ಮೂರು ಮೂಲೆಯಾಗಿ ಕತ್ತರಿಸ್ತಾರೆ, ಅವರ ಕುರಿಗಳೇ ಮೂರು ಮೂಲೆ. ನಮ್ಮ ಕುರಿಮರಿ...”

“ಶುರು ಆಯ್ತಪ್ಪ,” ಎಂದ ಡಾಡ್. “ಮಿಸ್ ಗೌರ್ಲಿ, ಕಿವಿಗೆ ಹತ್ತಿ ಇದ್ರೆ ಇಟ್ಕೊಳ್ಳಿ.”

ಆಕೆ ಏಪ್ರನ್ ಮಗುಚಿ, ಭೂತಗನ್ನಡಿ ಹಿಡಿದು ಅಂಚಿನುದ್ದಕ್ಕೂ ಕಣ್ಣಾಡಿಸಿದಳು. ಆಮೇಲೆ ಮೂಸಿದಳು.

“ಮಿಸ್ಟರ್ ಕಿನ್ನಿಯರ್, ಈ ಹೊಲಿಗೆ ಮಷಿನ್ನಿನದು.”

“ಹೌದಮ್ಮ. ನಮ್ಮ ಮೊದಲ ಮಾಸ್ಟರ್ ಕೈ ಅಂದ್ರೆ ಮಷಿನ್ನೇ.”

“ಇನ್ನೂರ ಅರವತ್ತು ವರ್ಷದ ಹಿಂದೆ ಹೊಲಿಗೆ ಮಷಿನ್ ಹುಟ್ಟಿರ್ಲಿಲ್ಲ. ದಾರ ನೈಲಾನು. ಬಣ್ಣ ಚಹಾದ್ದು ಅನ್ನಿಸುತ್ತೆ.” ದನಿಯಲ್ಲಿ ಚುಚ್ಚು ಇರಲಿಲ್ಲ. “ಹೆಚ್ಚೆಂದರೆ ಅರವತ್ತು ವರ್ಷದ್ದು ಇದು.”

ಡಾಡ್ ಕೊರಳಿನ ಮೂಲೆಮಟ್ಟವನ್ನು ಬೆರಳಲ್ಲಿ ತಿರುವುತ್ತ ನಿಂತ. ಮಾಸ್ಟರನ ನಡತೆ ಅಷ್ಟು ನೇರವಿರಲಿ ಎಂದು ಕಟ್ಟುವ ಅದು ಅವನ ಸ್ವೆಟರಿನ ಮೇಲೆ ಸೊಟ್ಟಗೆ ತೂಗುತ್ತಿತ್ತು.

“ವಾಟಿ?”

ವಾಟಿ ಬಾಯಿ ತೆರೆದ. ಮಿಂಚು ಬಡಿದು ಹೊಲಿಗೆ ತಾನಾಗೇ ಆಯಿತು ಎನ್ನುವ ಕಥೆ ನಾಲಿಗೆ ತುದಿಗೆ ಬಂದಿತ್ತು. ಆದರೆ ಅದರಲ್ಲಿ ಮಿಂಚು ಬರಬೇಕು, ಆಮೇಲೆ ಗುಡುಗು, ಆಮೇಲೆ ಅದನ್ನು ಕಂಡ ಮೂರು ಸಾಕ್ಷಿ. ಅಷ್ಟನ್ನೆಲ್ಲ ಎತ್ತಿ ನಿಲ್ಲಿಸಬೇಕು ಅನ್ನಿಸಿದ್ದೇ ಅವನು ಕುರ್ಚಿ ಎಳೆದು ಕೂತ.

“ನಂದು ಅದು,” ಎಂದ. ಕಿಟಕಿ ಒರೆಸಿದ್ದು, ಎಕ್‌ನ ಪೆಟ್ಟಿಗೆ, ಕೈತಪ್ಪಿದ ಗಂಟು, ಚಹಾ, ಹೊಗೆ, ಎಲ್ಲ ಹೇಳಿದ. ಹೇಳುವಾಗ ಒಂದು ಸಂಖ್ಯೆಯನ್ನೂ ದೊಡ್ಡದು ಮಾಡಲಿಲ್ಲ.

ಡಾಡ್ ಬೈಯುತ್ತಾನೆಂದು ಕಾದ. ಡಾಡ್ ಮುಖ ಉಜ್ಜಿಕೊಂಡ. “ಏಳು ಸಲ ಇದನ್ನ ಕಟ್ಕೊಂಡೆ ನಾನು. ಏಳು ಸಲವೂ ಸೊಂಟಕ್ಕೆ ಮೀನು ಕಟ್ಟಿದ ಹಾಗಿತ್ತು.” ಆಮೇಲೆ ಸೋತ ದನಿಯಲ್ಲಿ, “ಹೋಗ್ಲಿ ಬಿಡು. ಅಳ್ತಿರೋ ಹೆಂಗಸಿಗೋಸ್ಕರ ಓಡಿದ್ದೀಯ, ಅವಸರದಲ್ಲಿ ಕೈ ತಪ್ಪಿದೆ. ಇನ್ನು ಲಾಡ್ಜೇ ಇಲ್ಲ, ಯಾರ್ಗೆ ಲೆಕ್ಕ ಒಪ್ಪಿಸ್ಲಿ? ತಗೋ, ಕಲೆ ಆಗಿದ್ರೂ ನಿಂದೇ. ನಿಂಗೆ ಆ ಸಮಯ ಬಂದಾಗ ನಾನೇ ಕಟ್ತೀನಿ.”

ಮಡಚಿ ಅವನ ತೊಡೆಯ ಮೇಲಿಟ್ಟ. ಮಿಸ್ ಗೌರ್ಲಿ ಗವಸು ಕಳಚಿದಳು. ಅಷ್ಟು ಸುಲಭವಾಗಿ ಮುಗಿದಿತ್ತು. ವಾಟಿ ಎರಡೂ ಅಂಗೈಯನ್ನು ಆ ಚರ್ಮದ ಮೇಲೆ ಊರಿದ. ಹತ್ತೊಂಬತ್ತು ವರ್ಷದ ಮೇಲೆ ಅದು ಅವನದಾಗಿ ಅವನ ಕೈಗೆ ಬಂದಿತ್ತು.

ಆಗ ಬಾಗಿಲಲ್ಲಿ ಬಟ್ಟಲುಗಳ ಸದ್ದಾಯಿತು. ಕೆಳಗಿನ ಅಡುಗೆಮನೆಯಿಂದ ಬೇಳೆ ಸೂಪು ತಂದ ನೆಟ್ಟಾ ಟಾರ್ವಿಟ್ ಟ್ರೇ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಸೂಪಿನ ಹಬೆ ಆರಿಹೋಗಿತ್ತು.

“ಯಾವ ಗಂಟು ಕೈ ತಪ್ಪಿದ್ದು, ವಾಟಿ?” ಎಂದಳು.

“ಅದೇ ನೆಟ್ಟಾ, ಅವಸರದಲ್ಲಿ ಒಂದರ ಬದಲು...”

“ನಿನ್ನ ಕೈಲಿ ಎರಡು ಗಂಟಿತ್ತು.” ಅವಳು ಟ್ರೇಯನ್ನು ಮೇಜಿನ ಮೇಲಿಟ್ಟಳು. “ನಾನು ಮಹಡಿ ಕಿಟಕಿಯಿಂದ ನೋಡ್ತಿದ್ದೆ. ಎರಡೂ ಕಂಕುಳಲ್ಲೂ ಒಂದೊಂದು. ನೀನು ನಮ್ಮ ಮೆಟ್ಟಿಲ ಮೇಲೆ ನಿಂತು ಎರಡನ್ನೂ ಬಿಚ್ಚಿದೆ, ಎರಡನ್ನೂ ಮತ್ತೆ ಕಟ್ಟಿದೆ. ಆಮೇಲೆ ಬಾಗಿಲು ತಟ್ಟಿದೆ.”

ನೆಟ್ಟಾ ಸೂಪಿನ ಒಂದು ಬಟ್ಟಲನ್ನು ಡಾಡ್‌ನ ಮುಂದಕ್ಕೆ ಸರಿಸಿದಳು.

“ಎರಡು ತಂದು, ಅದ್ರಲ್ಲಿ ಒಳ್ಳೇದನ್ನ ಆರಿಸಿ ನನ್ನ ಎಕ್‌ಗೆ ಕೊಟ್ಟ ಅಂದ್ಕೊಂಡೆ ಕಣೋ. ಹತ್ತೊಂಬತ್ತು ವರ್ಷ ಊರಿಗೆಲ್ಲ ಹಾಗೇ ಹೇಳ್ಕೊಂಡು ಬಂದೆ. ‘ವಾಟಿ ಬಾಯಿಬಡುಕ, ನಿಜ, ಆದ್ರೆ ಅವನಂಥ ಮನುಷ್ಯ ಇಲ್ಲ’ ಅಂತ.”

ವಾಟಿ ತೊಡೆಯ ಮೇಲಿನ ಏಪ್ರನ್ ನೋಡಿದ. ಎದ್ದುಹೋಗೋಣವೆಂದರೆ ಇಪ್ಪತ್ಮೂರು ಮೆಟ್ಟಿಲು. ಅದನ್ನು ಎತ್ತಿ ಮೇಜಿನ ಮೇಲೆ, ಸೂಪಿನ ಪಕ್ಕಕ್ಕೆ, ಅವಳ ಕಡೆ ತಳ್ಳಿದ.

“ನಂದನ್ನ ಕೊಡೋಕೇ ಓಡಿದ್ದು ನೆಟ್ಟಾ. ಅದು ನಿಜ. ಪೆಟ್ಟಿಗೆಯಿಂದ ನಂದನ್ನೇ ತೆಗೆದೆ. ಇಳಿಯೋವಾಗ ಮನಸ್ಸು ಕುಂಟ್ತು, ತಿರುಗಿ ಹತ್ತಿ ಲಾಡ್ಜಿಂದನ್ನೂ ತಗೊಂಡೆ. ನಿಮ್ಮ ಮೆಟ್ಟಿಲ ಮೇಲೆ ಯಾವುದು ಯಾವುದು ಅಂತ ನೋಡಿ ಖಾತ್ರಿ ಮಾಡ್ಕೊಂಡೆ. ಎಕ್ ನನ್ನ ಪಾಲಿಗೆ ಅಣ್ಣ ಇದ್ದ ಹಾಗೆ. ಆದ್ರೂ ನಂದು ಕೊಡೋಕೆ ಕೈ ಬರ್ಲಿಲ್ಲ. ನಾಳೆ ನಂಗೇನು ಅನ್ನಿಸ್ತು. ಕೈ ತಪ್ಪಲಿಲ್ಲ, ಏನೂ ಇಲ್ಲ.”

ನೆಟ್ಟಾ ಏಪ್ರನ್ನನ್ನು ಮುಟ್ಟಲಿಲ್ಲ, ಅವನ ಕಡೆಗೆ ವಾಪಸ್ಸೂ ತಳ್ಳಲಿಲ್ಲ.

“ಮತ್ತೆ ಆ ಕುರಿಮರಿ,” ಎಂದ ವಾಟಿ, ಇನ್ನೇನಾದರೂ ಉಳಿದಿದೆಯೇ ಎಂದು ಜೇಬು ತಡಕಿದವನಂತೆ. “ಅದೂ ಮಾಮೂಲು ಮರೀನೇ. ಸಣ್ಣದು.”