ಅರದ ಗೀರಿನ ಗುಂಡು

ಗುಂಡು ಕೇಳಿಕೊಂಡು ಬಂದವರಿಗೆ ಭದ್ರಮ್ಮ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ನಿನ್ ಕೋವಿ ಎಂಥದ್ದು?"

ಗುರುಪುರದಾಚೆ ಕಾಡಂಚಿನ ನಾಲ್ಕಾರು ಹಳ್ಳಿಗಳಲ್ಲಿ ಹಂದಿ ಕಾಟಕ್ಕೆಂದು ಕೋವಿ ಇಟ್ಟುಕೊಂಡವರಿಗೆಲ್ಲ ಸೀಸ ಕರಗಿಸಿ ಅಚ್ಚಿನಲ್ಲಿ ಗುಂಡು ಎರೆದು ಕೊಡುತ್ತಿದ್ದವನು ಅವಳ ಗಂಡ ಮಂಟಯ್ಯ. ಅವನು ತೀರಿಕೊಂಡ ಮೇಲೆ ಸಣ್ಣದು ದೊಡ್ಡದು ಎರಡು ಅಚ್ಚುಗಳೂ ಅವಳ ಕೈಗೆ ಬಂದವು. ಕೋವಿಯ ನಳಿಗೆ ಒರಟಾಗಿ ಸಪೂರವಾಗಿದ್ದರೆ ಸಣ್ಣ ಅಚ್ಚಿನ ಬರಿಗುಂಡು. ನುಣುಪು ನಳಿಗೆಯ ಹಳೇ ಕಾಲದ ಕೋವಿಯಾದರೆ ದೊಡ್ಡ ಅಚ್ಚಿನದು, ಅದಕ್ಕೆ ಜೇನುಮೇಣದ ಲೇಪ. ಬರಿಗುಂಡು ಹಾರಿಸುತ್ತ ಹೋದರೆ ನಳಿಗೆಯೊಳಗೆ ಸೀಸ ಕಚ್ಚಿಕೊಳ್ಳುತ್ತದೆ. ಮೇಣ ಹಚ್ಚಿದ್ದು ಕಚ್ಚುವುದಿಲ್ಲ. ಆ ಮೇಣ ಉದುರದಿರಲೆಂದು ಮಂಟಯ್ಯ ದೊಡ್ಡ ಗುಂಡುಗಳನ್ನು ಕಬ್ಬಿಣ ಉಜ್ಜುವ ಎರಡು ಅರಗಳ ನಡುವೆ ಇಟ್ಟು ಉರುಳಿಸಿ, ಮೈತುಂಬ ಸಣ್ಣ ಸಣ್ಣ ಗೀರು ಬೀಳಿಸುತ್ತಿದ್ದ. ಭದ್ರಮ್ಮನೂ ಹಾಗೆಯೇ ಮಾಡುತ್ತಿದ್ದಳು.

ಮೇಣದ ಗುಂಡು ಒಯ್ಯುತ್ತಿದ್ದವರು ಇಬ್ಬರೇ. ಅವರಲ್ಲಿ ಚನ್ನಬಸವಣ್ಣ ವಯಸ್ಸಾಯಿತೆಂದು ಎರಡು ವರ್ಷದ ಹಿಂದೆಯೇ ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಿಬಿಟ್ಟಿದ್ದ. ಉಳಿದವನು ಶಿವಶಂಕರ. ಅವನು ಭದ್ರಮ್ಮನ ಒಡಹುಟ್ಟಿದ ತಮ್ಮ, ಅಳಿಯನೂ ಅವನೇ. ತಾಯಿ ಸತ್ತಾಗ ಅವನಿಗಿನ್ನೂ ಎರಡು ವರ್ಷ. ಸೊಂಟದ ಮೇಲೆ ಹೊತ್ತು ಸಾಕಿದವಳು ಭದ್ರಮ್ಮ. ಮಗಳು ಶಾಂತಲಾ ದೊಡ್ಡವಳಾದಾಗ, ಹೊರಗಿನವರಿಗೆ ಯಾಕೆ ಎಂದು ಅವನಿಗೇ ಕೊಟ್ಟು ಮದುವೆ ಮಾಡಿದ್ದಳು.

ತೊಂಬತ್ತೇಳರ ದಸರಾ ಕಳೆದ ವಾರ, ಶಿವಶಂಕರನ ಊರಿನಲ್ಲಿ ಮುದ್ದಯ್ಯನೆಂಬ ರೈತ ಮುಸುಕಿನ ಜೋಳದ ಹೊಲದಲ್ಲಿ ಸತ್ತು ಬಿದ್ದಿದ್ದ. ಕಳೆದುಹೋದ ಕರು ಹುಡುಕಿಕೊಂಡು ನಸುಕಿನಲ್ಲಿ ಹೋದವನು. ಪಕ್ಕೆಗೆ ಗುಂಡು ಹೊಕ್ಕಿತ್ತು. ಅವನಿಗೂ ಪಕ್ಕದ ಹೊಲದ ನಂಜಯ್ಯನಿಗೂ ಬದುವಿನ ಜಗಳ ಇದ್ದದ್ದು ಊರಿಗೆಲ್ಲ ಗೊತ್ತು. ಜನ ನಂಜಯ್ಯನ ಮನೆಗೆ ನುಗ್ಗಿದರು. ಹುಲ್ಲಿನ ಮೆದೆಯೊಳಗೆ ಲೈಸೆನ್ಸಿಲ್ಲದ ಕೋವಿ ಸಿಕ್ಕಿತು. ಪೊಲೀಸರು ಬರುವಷ್ಟರಲ್ಲಿ ಅವನನ್ನು ಕಂಬಕ್ಕೆ ಕಟ್ಟಿ ಚೆನ್ನಾಗಿ ಬಡಿದಿದ್ದರು.

ಮೂರನೇ ದಿನ ಭದ್ರಮ್ಮನ ಮನೆ ಮುಂದೆ ಜೀಪು ನಿಂತಿತು. ಸಬ್‌ಇನ್‌ಸ್ಪೆಕ್ಟರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಒಂದು ಗುಂಡು. ಒಂದು ಮಗ್ಗುಲು ಮೂಳೆಗೆ ಬಡಿದು ಚಪ್ಪಟೆಯಾಗಿತ್ತು. ಇನ್ನೊಂದು ಮಗ್ಗುಲು ಹಾಗೇ ಇತ್ತು. ಅದರ ಮೇಲೆ ಅರದ ಗೀರುಗಳು ಎದ್ದು ಕಾಣುತ್ತಿದ್ದವು.

ದೊಡ್ಡ ಅಚ್ಚಿನದೆಂದು ಭದ್ರಮ್ಮನಿಗೆ ಮುಟ್ಟದೆಯೇ ತಿಳಿಯಿತು.

"ಇದು ನೀನು ಎರೆದದ್ದೇನಮ್ಮ?"

"ನನ್ ಅಚ್ಚಿಂದೇ ಸ್ವಾಮಿ."

"ನಂಜಯ್ಯ ನಿನ್ನತ್ರ ಗುಂಡು ತಗೊಂಡು ಹೋಗ್ತಿದ್ನ?"

"ತಗೊಂಡೋಯ್ತಿದ್ದ."

ಎರಡೂ ನಿಜ. ಅವರು ಇನ್ನೇನೂ ಕೇಳಲಿಲ್ಲ. ಪೊಲೀಸಿನವನೊಬ್ಬ ಕಾಗದದ ಮೇಲೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ. ಅಪ್ಪಣೆಯಿಲ್ಲದೆ ಗುಂಡು ಮಾಡುವ ವಿಚಾರ ಆಮೇಲೆ ನೋಡ್ತೀನಿ ಎಂದು ಗದರಿಸಿ ಸಬ್‌ಇನ್‌ಸ್ಪೆಕ್ಟರು ಹೊರಟುಹೋದರು. ನಂಜಯ್ಯ ಒಯ್ಯುತ್ತಿದ್ದದ್ದು ಸಣ್ಣ ಬರಿಗುಂಡು, ಈ ಗುಂಡು ಅವನ ಕೋವಿಯ ಬಾಯೊಳಕ್ಕೇ ಇಳಿಯುವುದಿಲ್ಲ ಎಂಬುದನ್ನು ಭದ್ರಮ್ಮ ಹೇಳಲಿಲ್ಲ.

ಅವಳು ಒಲೆಗೆ ನೀರು ಚಿಮುಕಿಸಿ, ಬಾಗಿಲು ಎಳೆದುಕೊಂಡು, ಮೂರು ಮೈಲಿ ನಡೆದು ತಮ್ಮನ ಊರಿಗೆ ಹೋದಳು. ಶಿವಶಂಕರ ಕೊಟ್ಟಿಗೆಯಲ್ಲಿ ಕೂತಿದ್ದ. ದನಗಳ ಮುಂದೆ ಹುಲ್ಲಿರಲಿಲ್ಲ. ಅಕ್ಕನ ಮುಖ ಕಂಡವನೇ ಅವನು ತಲೆ ತಗ್ಗಿಸಿದ.

"ಗುಂಡು ನೋಡ್ದೆ ಕಣಪ್ಪ," ಎಂದಳು ಭದ್ರಮ್ಮ.

ಅವನು ತಲೆ ಎತ್ತದೆಯೇ ಹೇಳಿದ. "ಅಂದಿ ಅನ್ಕಂಡೆ ಕಣಕ್ಕ. ಜೋಳ ಅಲ್ಲಾಡ್ತು, ಒಡ್ದೆ. ಓಗಿ ನೋಡುದ್ರೆ ಮುದ್ದಣ್ಣ."

"ಜೀವ ಇತ್ತಾ?"

"ಕಣ್ ಬುಟ್ಕಂಡಿದ್ದ. ನೀರು ಅಂದ."

"ಕೊಟ್ಯಾ?"

ಶಿವಶಂಕರ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ. ಅಷ್ಟಕ್ಕೇ ಭದ್ರಮ್ಮನಿಗೆ ಉತ್ತರ ಸಿಕ್ಕಿತು. ಬೇಕೆಂದು ಮಾಡಿದ ಕೊಲೆಯಲ್ಲ ಅದು, ಕಣ್ತಪ್ಪಿ ಆದದ್ದು. ಆದರೆ ನೀರು ಕೇಳಿದವನನ್ನು ಬಿಟ್ಟು ಓಡಿ ಬಂದದ್ದು ಕಣ್ತಪ್ಪಿ ಅಲ್ಲ.

ಶಾಂತಲಾ ಮಗು ಸುಧಾಳನ್ನು ಎತ್ತಿಕೊಂಡು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು. ಹಾರಿಸಿದ ಕೋವಿಯ ಮದ್ದಿನ ಮಸಿಯನ್ನು ಬಿಸಿನೀರು ಹಾಕಿ ತೊಳೆದವಳು ಅವಳೇ; ಆವತ್ತೇ ಅವಳಿಗೆಲ್ಲ ಗೊತ್ತಾಗಿತ್ತು.

"ಅವ್ವ, ಈಗೇನ್ ಮಾಡ್ಬೇಕಂತಿದ್ದೀಯ?"

"ನಂಜಯ್ಯ ಒಳಗವ್ನೆ ಕಣವ್ವ. ಮಾಡ್ದೇ ಇದ್ದಿದ್ಕೆ."

"ಸಾಕ್ಷಿ ಸಾಲ್ದೆ ನಾಳಿಕ್ಕೋ ನಾಳಿದ್ಕೋ ಬುಟ್ಬುಡ್ತಾರೆ ಬುಡು. ಇವ್ರು ಓದ್ರೆ ತಿರುಗಾ ಬರಾಕಿಲ್ಲ." ಶಾಂತಲಾ ಮಗುವನ್ನು ಎದೆಗೆ ಅವಚಿಕೊಂಡಳು. "ಗುಂಡು ಎರ್ದೋಳು ನೀನು. ಈಗ ನ್ಯಾಯ ಏಳಕ್ಕೆ ಬಂದ್ಯಾ? ನನ್ ಮನೆ ಮುರೀಬ್ಯಾಡ ಕಣವ್ವ."

ಭದ್ರಮ್ಮ ಮಗುವಿನ ತಲೆ ಸವರಿ, ನೀರೂ ಮುಟ್ಟದೆ ವಾಪಸು ಬಂದಳು.

ಬಿಡುತ್ತಾರೆ ಎಂಬ ಮಾತನ್ನು ನಂಬುವುದು ಸುಲಭವಾಗಿತ್ತು. ಅವಳು ದಿನಾ ರಸ್ತೆಗೆ ಹೋಗಿ ಬಸ್ಸಿಳಿದವರನ್ನು ವಿಚಾರಿಸುತ್ತಿದ್ದಳು. ನಂಜಯ್ಯನನ್ನು ಬಿಡಲಿಲ್ಲ, ಮೈಸೂರಿನ ಜೈಲಿಗೆ ಕಳಿಸಿದರು. ಒಂದು ಬೆಳಗ್ಗೆ ಠಾಣೆಗೆಂದು ಹೊರಟು ನಿಂತು, ಬಸ್ಸು ಬಂದಾಗ ಹತ್ತದೆ ಮನೆಗೆ ತಿರುಗಿದಳು. ಇನ್ನೊಂದು ಬೆಳಗ್ಗೆ ಹತ್ತಿ, ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟಳು. ಹೀಗೆ ಹನ್ನೆರಡು ದಿನ ಹೋದವು.

ಹನ್ನೆರಡನೇ ದಿನ ನಂಜಯ್ಯನ ತಾಯಿ ತೀರಿಕೊಂಡಳು. ಮಗನನ್ನು ಎಳೆದುಕೊಂಡು ಹೋದಂದಿನಿಂದ ಮುದುಕಿ ಗಂಜಿ ಬಿಟ್ಟಿದ್ದಳಂತೆ. ಒಬ್ಬನೇ ಮಗ. ಮಣ್ಣಿಗೆ ಬರಲು ಅಪ್ಪಣೆ ಕೇಳಿ ಮೈಸೂರಿಗೆ ಹೋದವರು ಸಂಜೆಯಾದರೂ ಬರಲಿಲ್ಲ. ಹೆಣವನ್ನು ಇನ್ನು ಇಡುವ ಹಾಗಿಲ್ಲವೆಂದು ದಾಯಾದಿ ಚಿಕ್ಕಬೀರಯ್ಯನೇ ಮಡಕೆ ಹಿಡಿದು ಮುಂದೆ ನಡೆದ. ಭದ್ರಮ್ಮ ಹೆಂಗಸರ ಹಿಂದೆ ನಿಂತು ನೋಡುತ್ತಿದ್ದಳು. ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕುವಾಗ ಚಿಕ್ಕಬೀರಯ್ಯ, "ನಾನಲ್ಲ ಕಣವ್ವ, ನಿನ್ ಮಗ ಆಕ್ತಾವ್ನೆ ಅನ್ಕೊ," ಎಂದ. ಆ ಮಾತು ಕೇಳಿ ಭದ್ರಮ್ಮ ಅಲ್ಲಿಂದಲೇ ತಿರುಗಿ ಮನೆಯ ದಾರಿ ಹಿಡಿದಳು.

ಮಾರನೇ ದಿನ ಮೊದಲ ಬಸ್ಸಿಗೇ ಠಾಣೆಗೆ ಹೋದಳು. ಸೆರಗಿನ ಗಂಟಿನಲ್ಲಿ ಒಂದು ಸಣ್ಣ ಗುಂಡು, ಒಂದು ದೊಡ್ಡ ಗುಂಡು ಇದ್ದವು.

"ನಂಜಯ್ಯನ ಕೋವಿ ತರ್ಸಿ ಸ್ವಾಮಿ," ಎಂದಳು.

ಸಬ್‌ಇನ್‌ಸ್ಪೆಕ್ಟರು ಮುಖ ಸಿಂಡರಿಸಿಕೊಂಡೇ ತರಿಸಿದರು. ಅವಳು ಸಣ್ಣ ಗುಂಡನ್ನು ನಳಿಗೆಯ ಬಾಯಿಗೆ ಬಿಟ್ಟಳು; ಸರಕ್ಕನೆ ಒಳಗಿಳಿಯಿತು. ದೊಡ್ಡದನ್ನು ಇಟ್ಟಳು, ಬಾಯಲ್ಲೇ ಕೂತಿತು. ಹೆಬ್ಬೆರಳಿನಿಂದ ಅದುಮಿದರೂ ಅಲುಗಲಿಲ್ಲ. ಅವರು ತಾವೂ ಒಮ್ಮೆ ಅದುಮಿ ನೋಡಿದರು.

"ಹೆಣದಲ್ಲಿ ಸಿಕ್ಕಿದ್ದು ಈ ದೊಡ್ಡದು ಸ್ವಾಮಿ. ಮೇಣ ಬಳ್ಯೋ ಗುಂಡು. ಈ ಗೀರು ಅದ್ಕೇ ಆಕೋದು. ಇದ್ನ ಈಗ ಒಬ್ನೇ ತಗೊಂಡೋಗದು."

"ಯಾರು?"

ಹೆಸರು ಹೇಳಿದಳು.

"ಅವತ್ತೇ ಯಾಕೆ ಬೊಗಳಲಿಲ್ಲ?"

"ನೀವು ಕೇಳ್ನಿಲ್ಲ..." ಎಂದು ಶುರುಮಾಡಿ ಭದ್ರಮ್ಮ ಮಾತು ನುಂಗಿಕೊಂಡಳು. ಆಮೇಲೆ ತಲೆಯೆತ್ತಿ ಹೇಳಿದಳು, "ನನ್ ತಮ್ಮ ಸ್ವಾಮಿ. ಮಗಳ ಗಂಡ. ಅದ್ಕೇ."

ಶಿವಶಂಕರ ಸುಳ್ಳು ಹೇಳಲಿಲ್ಲ. ಜೀಪು ಬಂದಾಗ ಅಂಗಿ ಹಾಕಿಕೊಂಡು ಸುಮ್ಮನೆ ಹತ್ತಿದನಂತೆ. ಕೇಸು ನಡೆದು ಮೂರು ವರ್ಷ ಶಿಕ್ಷೆಯಾಯಿತು. ಭದ್ರಮ್ಮನ ಮೇಲೂ ಕೇಸಾಗಿ, ಅಚ್ಚು ಅರಗಳನ್ನೆಲ್ಲ ಹೊತ್ತುಕೊಂಡು ಹೋದರು.

ನಂಜಯ್ಯ ಬಿಡುಗಡೆಯಾಗಿ ಬಂದ ಸುದ್ದಿ ತಿಳಿದು ನೋಡಲು ಹೋದಳು. ಊರವರು ಬಡಿದ ಬಲಗೈ ಸೊಟ್ಟಗೆ ಕೂಡಿಕೊಂಡಿತ್ತು. ಅವನ ಹೆಂಡತಿ ಇವಳನ್ನು ಕಂಡು ಒಳಗೆ ಹೋದಳು. ನಂಜಯ್ಯ ಜಗಲಿಯಿಂದ ಏಳಲಿಲ್ಲ, ಬೈಯಲೂ ಇಲ್ಲ.

"ಒಂದಿನ ಮುಂಚೆ ಠಾಣೆಗೆ ಓಗಿದ್ರೆ ಸಾಕಿತ್ತು ಕಣಮ್ಮ," ಎಂದ. "ಒಂದೇ ದಿನ."

ಭದ್ರಮ್ಮ ಅವನ ಮುಂದೆ ಕೈಮುಗಿದು ಬಂದಳು.

ಮುಂದಿನ ವೈಶಾಖದಲ್ಲಿ ಶಾಂತಲಾ ಒಬ್ಬಳೇ ನಿಂತು ಹೊಗೆಸೊಪ್ಪಿನ ಸಸಿ ನಾಟಿ ಮಾಡಿಸಿದಳು. ಆಳುಗಳ ಜೊತೆ ಭದ್ರಮ್ಮನೂ ಹೊಲಕ್ಕಿಳಿದಳು. ಯಾರೂ ಕರೆದಿರಲಿಲ್ಲ. ಮಗಳು ಅವಳನ್ನು ನೋಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಮಧ್ಯಾಹ್ನದವರೆಗೂ ಭದ್ರಮ್ಮ ಬಗ್ಗಿದ ಸೊಂಟ ಎತ್ತದೆ ಸಸಿ ಊರಿದಳು.

ಊಟದ ಹೊತ್ತಿಗೆ ಹೊಂಗೆ ಮರದಡಿ ಆಳುಗಳು ಸಾಲಾಗಿ ಕೂತರು. ಭದ್ರಮ್ಮ ಕೊನೆಯಲ್ಲಿ ಕೂತಳು. ಶಾಂತಲಾ ಕುಕ್ಕೆಯಿಂದ ಒಂದೊಂದೇ ಮುದ್ದೆ ತೆಗೆದು ಬಡಿಸುತ್ತ ಬಂದಳು. ಪಕ್ಕದವಳಿಗೆ, "ಸಾರು ಸಾಕಾ ಅಕ್ಕ, ಇನ್ನೊಸಿ ಬುಡ್ಲಾ?" ಎಂದು ಕೇಳಿದಳು. ಅವ್ವನ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ಏನೂ ಕೇಳದೆ ಹಿಂದಿರುಗಿ ಹೋದಳು.

ಭದ್ರಮ್ಮ ಮುದ್ದೆ ಮುರಿದು ಉಂಡಳು. ಇನ್ನೂ ಅರ್ಧ ಹೊಲದ ನಾಟಿ ಬಾಕಿಯಿತ್ತು.